ಲಾವಾ ಕಲ್ಲಿನ ಗುಡ್ಡದಲ್ಲಿ ನಿಮಗೆ ಯಾವ ಮಣ್ಣು ಸರಿ?

ಗುಡ್ಡದಲ್ಲಿ ಜಮೀನು ನೋಡಿ ಬಂದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಇರುತ್ತದೆ. "ಮೇಲ್ಗಡೆ ಬರೀ ಕಲ್ಲುಮಣ್ಣು, ನಡುವೆ ಕೆಂಪು, ಬುಡದಲ್ಲಿ ಕಪ್ಪು. ಎಲ್ಲವೂ ಲಾವಾ ಕಲ್ಲಿನದೇ ಮಣ್ಣು ಅಂತಾರೆ. ಹಾಗಾದ್ರೆ ಯಾವುದನ್ನ ತಗೊಳ್ಳೋದು?" ಇದರ ಬೆನ್ನಿಗೇ ಒಂದು ನಂಬಿಕೆಯೂ ಇರುತ್ತದೆ. ಜ್ವಾಲಾಮುಖಿ ಮಣ್ಣು ಅಂದ ಮೇಲೆ ಫಲವತ್ತಾಗಿರಲೇಬೇಕು, ಅಲ್ವಾ?

ಅರ್ಧ ನಿಜ. ಕಲ್ಲಿನಲ್ಲಿ ಸತ್ವ ಇರುವುದು ಹೌದು. ಆದರೆ ಅದೇ ಕಲ್ಲಿನಿಂದ ಒಂದೇ ಗುಡ್ಡದಲ್ಲಿ ನಾಲ್ಕು ಥರದ ಮಣ್ಣು ಆಗುತ್ತದೆ. ಯಾವ ಜಾಗದಲ್ಲಿ ಎಂಥ ಮಣ್ಣು ಸಿಗುತ್ತದೆ ಎಂಬುದು ಅಲ್ಲಿ ನೀರು ಹೇಗೆ ಓಡಾಡಿದೆ, ಎಷ್ಟು ಕಾಲ ಓಡಾಡಿದೆ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಜಮೀನು ನೋಡುವಾಗ "ಜ್ವಾಲಾಮುಖಿ ಮಣ್ಣಾ?" ಎಂದು ಕೇಳುವುದಕ್ಕಿಂತ, ಇಳಿಜಾರಿನಲ್ಲಿ ನಾನು ಎಲ್ಲಿ ನಿಂತಿದ್ದೇನೆ ಎಂದು ನೋಡಿಕೊಳ್ಳುವುದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಕಲ್ಲು ಒಂದೇ, ಮಣ್ಣು ಬೇರೆ ಬೇರೆ

ಲಾವಾ ಆರಿ ಆಗುವ ಕಲ್ಲುಗಳಲ್ಲಿ ಅತಿ ಹೆಚ್ಚು ಸಿಗುವುದು ಬಸಾಲ್ಟ್. ಕಪ್ಪಗೆ, ಭಾರವಾಗಿ, ಸಣ್ಣ ಕಣಗಳಿಂದ ಆದ ಕಲ್ಲು. ಸಿಲಿಕಾ ಶೇ. 45ರಿಂದ 52ರಷ್ಟು. ಕಬ್ಬಿಣ, ಕ್ಯಾಲ್ಸಿಯಂ, ಮೆಗ್ನೀಸಿಯಂ ಧಾರಾಳ. ಪೊಟ್ಯಾಷ್ ಕಡಿಮೆ. ಬೆಣಚುಕಲ್ಲಿನ ಕಣ ಇಲ್ಲವೇ ಇಲ್ಲ ಎನ್ನಬಹುದು. ಈ ಕೊನೆಯ ಮಾತನ್ನು ನೆನಪಿಡಿ. ಮಣ್ಣಿನಲ್ಲಿ ಮರಳಾಗಿ ಉಳಿಯುವುದು ಮುಖ್ಯವಾಗಿ ಬೆಣಚು. ಅದೇ ಇಲ್ಲದ ಮೇಲೆ ಬಸಾಲ್ಟ್ ಪೂರ್ತಿ ಶಿಥಿಲವಾದರೆ ಕೈಗೆ ಬರುವುದು ಜೇಡಿ. ಗ್ರಾನೈಟ್ ಗುಡ್ಡದ ಮಣ್ಣು ಬೆರಳಿಗೆ ತರಿ ತರಿಯಾಗಿ ಸಿಗುತ್ತದೆ, ಬಸಾಲ್ಟ್ ಗುಡ್ಡದ್ದು ನುಣ್ಣಗೆ ಸಿಗುತ್ತದೆ.

ಗುಡ್ಡ ಕಡಿದು ರಸ್ತೆ ಮಾಡಿದ ಕಡೆ ಒಮ್ಮೆ ನಿಂತು ನೋಡಿ. ಕುಂಬಳಕಾಯಿ ಗಾತ್ರದ ಗುಂಡುಕಲ್ಲುಗಳು, ಸುತ್ತಲೂ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ. ಹೊರಗಿನ ಪದರವನ್ನು ಉಗುರಿನಿಂದ ಕೆರೆದರೆ ಸಾಕು, ಹಳದಿ ಮಿಶ್ರಿತ ಕಂದು ಪುಡಿ ಉದುರುತ್ತದೆ. ಅದರ ಒಳಗಿನ ಪದರಕ್ಕೆ ಸುತ್ತಿಗೆ ಬೇಕು. ನಡುವಿನ ಗುಂಡು ಇನ್ನೂ ಕಪ್ಪು, ಹೊಡೆದರೆ ಟಣ್ ಎನ್ನುತ್ತದೆ. ಕಲ್ಲು ಮಣ್ಣಾಗುವ ಇಡೀ ದಾರಿ ಒಂದು ಮೊಳದೊಳಗೆ ಕಾಣುತ್ತದೆ.

ಈಗ ಇಳಿಜಾರಿನ ಪಾತ್ರ. ಮೇಲೆ ಬಿದ್ದ ಮಳೆ ಕೆಳಗೆ ಹರಿಯುತ್ತಾ, ಮಣ್ಣಿನೊಳಗೆ ಇಳಿಯುತ್ತಾ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕರಗಿದ ಸಿಲಿಕಾ ಎಲ್ಲವನ್ನೂ ಹೊತ್ತೊಯ್ಯುತ್ತದೆ. ಕರಗದ ಕಬ್ಬಿಣ ಅಲ್ಲೇ ಉಳಿದು ತುಕ್ಕು ಹಿಡಿಯುತ್ತದೆ, ಮಣ್ಣು ಕೆಂಪಾಗುತ್ತದೆ. ಹೊತ್ತೊಯ್ದ ಸರಕು ಬುಡದಲ್ಲಿ ನೀರಿನ ಓಟ ನಿಧಾನವಾದ ಕಡೆ ಸೇರಿಕೊಂಡು ಬೇರೆಯೇ ಥರದ, ನೀರು ಕುಡಿದು ಉಬ್ಬುವ ಜೇಡಿಯಾಗುತ್ತದೆ. ಅದು ಕಪ್ಪು ಮಣ್ಣು. ಹೀಗೆ ನೆತ್ತಿಯಿಂದ ಬುಡದವರೆಗೆ ಒಂದಕ್ಕೊಂದು ಕೊಂಡಿಯಾಗಿ ಬರುವ ಮಣ್ಣುಗಳ ಸಾಲಿಗೆ 1935ರಲ್ಲಿ ಜೆಫ್ರಿ ಮಿಲ್ನ್ ಎಂಬ ಮಣ್ಣುತಜ್ಞ, ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡುತ್ತಿದ್ದಾಗ, ಕೆಟೀನ ಎಂದು ಹೆಸರಿಟ್ಟರು. ಸರಪಳಿ ಎಂದರ್ಥ.

ಕಾಲದ ಲೆಕ್ಕ ಹವಾಯಿ ದ್ವೀಪಗಳಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿ ಸುಮಾರು 300 ವರ್ಷದ ನೆಲದಿಂದ ಹಿಡಿದು 41 ಲಕ್ಷ ವರ್ಷದ ನೆಲದವರೆಗೆ, ಒಂದೇ ಜಾತಿಯ ಕಲ್ಲಿನ ಮೇಲೆ ಸಿಗುತ್ತದೆ. ತೀರಾ ಹೊಸ ನೆಲದಲ್ಲಿ ಗಿಡಕ್ಕೆ ಸಾರಜನಕದ ಕೊರತೆ. ನಡುವಯಸ್ಸಿನ ನೆಲ ಸಮೃದ್ಧ. ತೀರಾ ಹಳೆಯದರಲ್ಲಿ ರಂಜಕದ ಕೊರತೆ. ಹೊಸತೆಂದರೆ ಫಲವತ್ತು, ಹಳತೆಂದರೆ ಸಾರವಿಲ್ಲ ಎಂಬ ನೇರ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಯಾವುದರಿಂದ ಅಳೆಯೋಣ?

ನಾನು ಐದು ವಿಷಯ ನೋಡುತ್ತೇನೆ. ಮಣ್ಣು ಎಷ್ಟು ಆಳ ಇದೆ. ನೀರು ಎಷ್ಟು ಹಿಡಿಯುತ್ತದೆ, ಎಷ್ಟು ಬಸಿಯುತ್ತದೆ. ಗಿಡದ ಆಹಾರ ಎಷ್ಟಿದೆ, ಗಿಡಕ್ಕೆ ಸಿಗುವ ರೂಪದಲ್ಲಿದೆಯಾ. ಇಳಿಜಾರಿನಲ್ಲಿ ಮಣ್ಣು ನಿಲ್ಲುತ್ತದಾ. ಕೊನೆಗೆ, ವರ್ಷದಲ್ಲಿ ಎಷ್ಟು ದಿನ ಅದರಲ್ಲಿ ಕೆಲಸ ಮಾಡಲು ಹದ ಸಿಗುತ್ತದೆ.

ಈ ಐದರಲ್ಲಿ ಆಳಕ್ಕೇ ನನ್ನ ಮೊದಲ ಮಣೆ. ಸತ್ವ ಕಡಿಮೆಯಿದ್ದರೆ ಗೊಬ್ಬರ ಹಾಕಬಹುದು, ಹುಳಿಯಿದ್ದರೆ ಸುಣ್ಣ ಹಾಕಬಹುದು. ಆಳ ಇಲ್ಲದಿದ್ದರೆ ಅದನ್ನು ತಂದುಕೊಡುವವರು ಯಾರೂ ಇಲ್ಲ. ಒಂದು ಲೆಕ್ಕ ಹಾಕಿ ನೋಡಿ. ಗರಸು ಬೆರೆತ 25 ಸೆಂ.ಮೀ. ಮಣ್ಣು ಬೇರಿಗೆ ಸಿಗುವಂತೆ ಸುಮಾರು 30 ಮಿ.ಮೀ. ನೀರು ಹಿಡಿದಿಟ್ಟಿತು ಎಂದುಕೊಳ್ಳಿ. ಬಿಸಿಲಿನ ದಿನ ಬೆಳೆ 5 ಮಿ.ಮೀ. ಹೀರಿದರೆ ಆರೇ ದಿನ. ಏಳನೇ ದಿನ ಎಲೆ ಬಾಡುತ್ತದೆ. ಒಂದು ಮೀಟರ್ ಆಳದ ಕಪ್ಪು ಮಣ್ಣು 150ರಿಂದ 200 ಮಿ.ಮೀ. ಹಿಡಿಯುತ್ತದೆ. ಅಂದರೆ ಮಳೆ ಕೈಕೊಟ್ಟರೂ ಒಂದು ತಿಂಗಳು, ಅದಕ್ಕಿಂತ ಜಾಸ್ತಿಯೇ ತಡೆಯಬಹುದು.

ಮೇಲಿನ ಕಲ್ಲುಮಣ್ಣು

ನೆತ್ತಿ ಮತ್ತು ಕಡಿದಾದ ಮೇಲಿನ ಇಳಿಜಾರಿನಲ್ಲಿ ಮಣ್ಣು ಆದಷ್ಟೂ ಕೊಚ್ಚಿಹೋಗುತ್ತಿರುತ್ತದೆ. ಒಂದು ಗೇಣು ಕಂದು ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಬಂಡೆ. ತಮಾಷೆಯೆಂದರೆ, ಸತ್ವದ ವಿಷಯದಲ್ಲಿ ಇದೇನೂ ಬಡ ಮಣ್ಣಲ್ಲ. ಕಲ್ಲು ಇನ್ನೂ ಒಡೆಯುತ್ತಲೇ ಇರುವುದರಿಂದ ಹೊಸ ಕ್ಯಾಲ್ಸಿಯಂ, ಮೆಗ್ನೀಸಿಯಂ ಬರುತ್ತಲೇ ಇರುತ್ತದೆ. ನೀರು ನಿಲ್ಲುವುದಿಲ್ಲ, ಮಳೆ ಬಿಟ್ಟ ಮರುದಿನವೇ ಕಾಲಿಡಬಹುದು. ಕೊರತೆಯಿರುವುದು ಜಾಗದ್ದು ಮತ್ತು ನೀರಿನದ್ದು.

ಇಲ್ಲಿ ಕೆಳಗಿನ ಬಂಡೆ ಎಂಥದ್ದು ಎಂದು ನೋಡುವುದು ಮುಖ್ಯ. ಲಾವಾದಲ್ಲಿ ಗಾಳಿಗುಳ್ಳೆಗಳಿದ್ದು ತೂತು ತೂತಾದ ಬಸಾಲ್ಟ್ ಬೇಗ ಶಿಥಿಲವಾಗುತ್ತದೆ, ಬೇರಿಗೆ ದಾರಿ ಬಿಡುತ್ತದೆ. ಆ ತೂತುಗಳಲ್ಲಿ ಬಿಳಿ ಹರಳು ತುಂಬಿರುವುದನ್ನೂ ನೋಡಬಹುದು. ಗಟ್ಟಿ ಬಸಾಲ್ಟ್ ಆದರೆ ಬೇರು ಸೀಳು ಹುಡುಕಿಕೊಂಡೇ ಇಳಿಯಬೇಕು. ಮೇಲೆ ಒಂದೇ ಥರ ಕಾಣುವ ಎರಡು ಜಾಗಗಳಲ್ಲಿ ಒಂದರಲ್ಲಿ ಮರ ಬರುತ್ತದೆ, ಇನ್ನೊಂದರಲ್ಲಿ ಹುಲ್ಲು ಮಾತ್ರ ಬರುತ್ತದೆ.

ಈ ಜಾಗ ಸಾಮಾನ್ಯವಾಗಿ ಅಗ್ಗಕ್ಕೆ ಸಿಗುತ್ತದೆ. ಅದಕ್ಕೇ ಜನ ಮರುಳಾಗುತ್ತಾರೆ, "ಮೆಟ್ಟಿಲು ಹೊಲ ಮಾಡ್ಕೊಂಡ್ರಾಯ್ತು" ಅಂತಾರೆ. ಮತ್ತೆ ಲೆಕ್ಕ ಹಾಕಿ. ನೂರಕ್ಕೆ 20ರ ಇಳಿಜಾರಿನಲ್ಲಿ 5 ಮೀಟರ್ ಅಗಲದ ಮೆಟ್ಟಿಲು ಬೇಕೆಂದರೆ ಎರಡು ಅಂಚುಗಳ ನಡುವೆ 1 ಮೀಟರ್ ಎತ್ತರದ ವ್ಯತ್ಯಾಸ. ಒಳ ಅಂಚಿನಲ್ಲಿ ಅರ್ಧ ಮೀಟರ್ ಕಡಿಯಬೇಕು, ಹೊರ ಅಂಚಿನಲ್ಲಿ ಅಷ್ಟೇ ತುಂಬಬೇಕು. ಮಣ್ಣೇ 40 ಸೆಂ.ಮೀ. ಇದ್ದರೆ ಒಳ ಅಂಚು ಬಂಡೆಯಲ್ಲಿ ನಿಲ್ಲುತ್ತದೆ. ಇಂಥ ಕಡೆ ಅಲ್ಲಿನದೇ ಕಲ್ಲು ಆರಿಸಿ ಅಡ್ಡ ಬದು ಕಟ್ಟಿ, ಮಣ್ಣು ತಾನಾಗಿ ಬಂದು ನಿಲ್ಲಲು ಬಿಡುವುದು ಮೇಲು. ವರ್ಷಗಟ್ಟಲೆ ಕಾಯಬೇಕು, ಆದರೆ ನಿಂತ ಮಣ್ಣು ಒಳ್ಳೆಯದಾಗಿರುತ್ತದೆ.

ನಡುವಿನ ಕೆಂಪು ಮಣ್ಣು: ಇಲ್ಲೇ ಜಾಸ್ತಿ ಮೋಸ ಹೋಗುವುದು

ಕೆಂಪು ಮಣ್ಣಿನಲ್ಲಿ ಎರಡು ಜಾತಿ ಇವೆ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಸ್ವಭಾವದಲ್ಲಿ ಅಜಗಜಾಂತರ.

ಒಂದು, ಆಳವಾದ, ಇನ್ನೂ ಸತ್ವ ಉಳಿಸಿಕೊಂಡ ಕೆಂಪು ಮಣ್ಣು. ಮಣ್ಣುತಜ್ಞರು ನಿಟಿಸಾಲ್ ಎನ್ನುತ್ತಾರೆ. ಹೊಳೆಯುವುದು ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ಆ ಹೆಸರು ಯಾಕೆ ಎಂಬುದು ಒಂದು ಹೆಂಟೆ ಮುರಿದರೆ ಗೊತ್ತಾಗುತ್ತದೆ. ತೇವ ಇರುವ ಹೆಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಿಡಿಸಿ. ಅದು ಪುಡಿಯಾಗುವುದಿಲ್ಲ. ಮೂಲೆ ಮೂಲೆಯಿರುವ ಸಣ್ಣ ಸಣ್ಣ ಕಾಳುಗಳಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಕಾಳನ್ನು ಬಿಸಿಲಿಗೆ ತಿರುಗಿಸಿದರೆ ಅದರ ಮುಖ ಎಣ್ಣೆ ಸವರಿದ ಹಾಗೆ ಮಿನುಗುತ್ತದೆ. ಈ ಕಾಳುಕಟ್ಟೇ ಅದರ ಆಸ್ತಿ. ಜೇಡಿ ಶೇ. 30ಕ್ಕಿಂತ ಜಾಸ್ತಿ ಇದ್ದರೂ ನೀರು ಸಲೀಸಾಗಿ ಇಳಿಯುತ್ತದೆ, ಬೇರು ಒಂದೂವರೆ ಮೀಟರ್ ದಾಟಿ ಹೋಗುತ್ತದೆ. ಇಥಿಯೋಪಿಯಾ, ಕೀನ್ಯಾದ ಎತ್ತರದ ನಾಡುಗಳ ಕಾಫಿ, ಚಹಾ ತೋಟಗಳು ಬಹುಪಾಲು ನಿಂತಿರುವುದು ಇಂಥ ಮಣ್ಣಿನ ಮೇಲೆ. ಮರಬೆಳೆಗೆ ಲಾವಾ ಗುಡ್ಡದಲ್ಲಿ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಗೊತ್ತಿಲ್ಲ.

ಇನ್ನೊಂದು, ಲಕ್ಷಾಂತರ ವರ್ಷ ಮಳೆಗೆ ತೊಳೆದು ಹೋದ ಹಳೆಯ ಕೆಂಪು ಮಣ್ಣು. ಇದೂ ಆಳವಾಗಿದೆ, ಇದರಲ್ಲೂ ನೀರು ಇಳಿಯುತ್ತದೆ, ಗುದ್ದಲಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ. ಆದರೆ ಗಿಡದ ಆಹಾರ ಹಿಡಿದಿಟ್ಟುಕೊಳ್ಳುವ ಶಕ್ತಿ ಬಹಳ ಕಡಿಮೆ. ಇರುವ ಸತ್ವವೆಲ್ಲ ಮೇಲಿನ ಒಂದು ಗೇಣಿನ ಸಾವಯವ ಅಂಶದಲ್ಲಿದೆ. ಅದು ಕೊಚ್ಚಿಹೋದರೆ ಉಳಿಯುವುದು ಬರೀ ಕೆಂಪು. ಮಣ್ಣಿನ ಹುಳಿ ಎಷ್ಟೆಂದು ಹೇಳುವ ರಸಸಾರ (ಪಿಎಚ್) 5.5ಕ್ಕಿಂತ ಇಳಿದರೆ ಅಲ್ಯೂಮಿನಿಯಂ ಬೇರನ್ನು ಸುಡಲು ಶುರು ಮಾಡುತ್ತದೆ. ಹಾಗೆಂದು ಇದು ಕೆಲಸಕ್ಕೆ ಬಾರದ್ದಲ್ಲ. ಬ್ರೆಜಿಲ್‌ನ ಪರಾನಾ ಕಡೆಯ ಬಸಾಲ್ಟ್ ನಾಡಿನಲ್ಲಿ ತೆರಾ ರೋಶಾ ಎಂಬ ಹೆಸರಿನ ಕೆಂಪು ಮಣ್ಣಿದೆ, ಅದರಲ್ಲಿ ಈ ಎರಡೂ ಜಾತಿಗಳು ಸೇರಿವೆ, ಅದರ ಮೇಲೆ ದೊಡ್ಡ ಕಾಫಿ ಸೀಮೆಯೇ ಬೆಳೆಯಿತು. ಸುಣ್ಣ, ರಂಜಕ, ಸಾವಯವ ಗೊಬ್ಬರ ತಪ್ಪದೆ ಕೊಡುವ ಶಕ್ತಿ ನಿಮಗಿದ್ದರೆ ಸರಿ. ಹಾಕದೆ ಬೆಳೆಯುತ್ತೇನೆ ಅನ್ನುವವರಿಗೆ ಬೇಡ.

ಎರಡೂ ಕೆಂಪು ಮಣ್ಣಿಗೆ ಒಂದು ಚಟ ಇದೆ. ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಅದಕ್ಕೇ ಇಲ್ಲಿ ರಂಜಕದ ಗೊಬ್ಬರ ಎರಚಬಾರದು. ಬೇರಿನ ಹತ್ತಿರ ಸಾಲಿನಲ್ಲಿ, ಕೊಳೆತ ಗೊಬ್ಬರದ ಜೊತೆ ಕೊಡಬೇಕು. ಮಣ್ಣಿಗೆ ತಾಗುವ ಜಾಗ ಕಡಿಮೆಯಾದಷ್ಟೂ ಗಿಡಕ್ಕೆ ಸಿಗುವುದು ಜಾಸ್ತಿ.

ಬುಡದ ಎರೆಮಣ್ಣು

ಕಪ್ಪಗಿರುವುದರಿಂದ ಇದರಲ್ಲಿ ಸಾವಯವ ಅಂಶ ತುಂಬಿದೆ ಎಂದು ಜನ ತಿಳಿಯುತ್ತಾರೆ. ಎಷ್ಟೋ ಕಡೆ ಸಾವಯವ ಇಂಗಾಲ ಶೇ. 1 ಕೂಡ ಇರುವುದಿಲ್ಲ. ಇರುವ ಸ್ವಲ್ಪವೇ ಜೇಡಿಗೆ ಬಿಗಿಯಾಗಿ ಅಂಟಿಕೊಂಡು ಬಣ್ಣ ಕೊಡುತ್ತದೆ. ಇದರ ನಿಜವಾದ ಬಲ ಜೇಡಿಯಲ್ಲಿದೆ. ನೀರು ಸಿಕ್ಕರೆ ಉಬ್ಬುವ, ಒಣಗಿದರೆ ಕುಗ್ಗುವ ಜೇಡಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕಾದಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಬಿಳಿ ಸುಣ್ಣದ ಹರಳುಗಳು ಕೂಡ ಸಿಗುತ್ತವೆ, ಮೇಲಿಂದ ತೊಳೆದು ಬಂದ ಕ್ಯಾಲ್ಸಿಯಂ ಹೀಗೆ ಹರಳುಗಟ್ಟಿರುತ್ತದೆ. ದಖನ್ ಪ್ರಸ್ಥಭೂಮಿಯ ಲಾವಾ 6.6 ಕೋಟಿ ವರ್ಷದ ಹಿಂದೆ ಹರಿದದ್ದು. ಅದರ ಮೇಲಿನ ವಿಶಾಲ ಎರೆ ಸೀಮೆಯಲ್ಲಿ ಹತ್ತಿ, ಜೋಳ, ಕಡಲೆ ಮಳೆ ನಿಂತ ಮೇಲೂ ನೆಲದ ತೇವದಲ್ಲೇ ಬೆಳೆಯುತ್ತವೆ.

ಆದರೆ ಈ ಮಣ್ಣು ತನ್ನ ಸಮಯಕ್ಕೆ ನಿಮ್ಮನ್ನು ಕಾಯಿಸುತ್ತದೆ. ಒಣಗಿದಾಗ ಇಟ್ಟಿಗೆ. ಮಳೆ ಬಿದ್ದಾಗ ಒಂದು ಹೆಜ್ಜೆಗೆ ಒಂದು ಸೇರು ಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತದೆ. ನಡುವೆ ಸಿಗುವ ಹದ ಕೆಲವೇ ದಿನ. ಮೊದಲ ಮಳೆ ಬಿರುಕಿನಲ್ಲಿ ಗಟಗಟ ಇಳಿಯುತ್ತದೆ. ಬಿರುಕು ಮುಚ್ಚಿದ ಮೇಲೆ ನೀರು ಒಳಗೆ ಹೋಗುವುದೇ ಇಲ್ಲ, ಮೇಲೆ ಹರಿಯುತ್ತದೆ. ಹಾಗಾಗಿ ನೂರಕ್ಕೆ 5ಕ್ಕಿಂತ ಜಾಸ್ತಿ ಇಳಿಜಾರಿನ ಎರೆಮಣ್ಣು ನೋಡಿದರೆ ನನಗೆ ಭಯ. ಬಹಳ ಬೇಗ ಕೊರೆದುಹೋಗುತ್ತದೆ.

ಮರಕ್ಕೂ ಮನೆಗೂ ಇದು ಕಷ್ಟದ ನೆಲ. ಒಂದು ಮೀಟರ್ ಗುಂಡಿ ತೋಡಿದರೆ ಒಳಗೆ ಓರೆಯಾಗಿ ಉಜ್ಜಿ ಹೊಳಪು ಬಂದ ಮುಖಗಳು ಕಾಣುತ್ತವೆ. ಮಣ್ಣು ಒಂದರ ಮೇಲೊಂದು ಜಾರಿದ ಗುರುತು ಅದು. ಅಷ್ಟು ತಿರುಗಾಡುವ ಮಣ್ಣಿನಲ್ಲಿ ಎಳೆಯ ಬೇರು ಹರಿಯುತ್ತದೆ, ಬೇಲಿ ಕಂಬ ವಾಲುತ್ತದೆ, ಗೋಡೆ ಸೀಳುತ್ತದೆ. ಮನೆ ಕಟ್ಟಲೇಬೇಕೆಂದರೆ ಉಬ್ಬು-ಕುಗ್ಗು ನಡೆಯುವ ಪದರ ದಾಟಿ ಕೆಳಗೆ ಇಳಿಯುವ, ತುದಿ ದಪ್ಪಗಿರುವ ಕಂಬಗಳ ಅಡಿಪಾಯ ಬೇಕು. ಜಮೀನಿನ ಬೆಲೆ ಕೇಳುವಾಗಲೇ ಈ ಖರ್ಚನ್ನೂ ಕೂಡಿಸಿಕೊಳ್ಳಿ.

ಬೂದಿ ಮಣ್ಣು, ಮತ್ತೆ ಎರಡು ಸಣ್ಣ ಮಾತು

ಜೀವಂತ ಜ್ವಾಲಾಮುಖಿಗಳ ಇಳಿಜಾರಿನಲ್ಲಿ ಗಟ್ಟಿ ಕಲ್ಲಿಗಿಂತ ಬೂದಿಯಿಂದಾದ ಮಣ್ಣು ಜಾಸ್ತಿ. ಜಪಾನ್, ಜಾವಾ, ಆಂಡೀಸ್ ಕಡೆ ಇಂಥದ್ದೇ. ಇದಕ್ಕೆ ಮಣ್ಣುತಜ್ಞರು ಇಟ್ಟ ಆಂಡೋಸಾಲ್ ಎಂಬ ಹೆಸರು ಬಂದದ್ದು ಕಪ್ಪು ಮಣ್ಣು ಎಂಬರ್ಥದ ಜಪಾನಿ ಪದದಿಂದ. ಇಡೀ ಭೂಮಿಯ ನೆಲದಲ್ಲಿ ಇದು ಸುಮಾರು ಶೇ. 1 ಮಾತ್ರ. "ಜ್ವಾಲಾಮುಖಿ ಮಣ್ಣು ಬಂಗಾರ" ಎಂಬ ಮಾತು ಹುಟ್ಟಿದ್ದು ಹೆಚ್ಚಾಗಿ ಇಂಥ ನೆಲದಲ್ಲಿ. ಬುಟ್ಟಿ ಎತ್ತಿದರೆ ಅರ್ಧ ತುಂಬಿದೆಯೇನೋ ಅನ್ನಿಸುವಷ್ಟು ಹಗುರ. ಒಂದು ಘನ ಸೆಂ.ಮೀ.ಗೆ 0.9 ಗ್ರಾಂಗಿಂತ ಕಡಿಮೆ. ಮಾಮೂಲಿ ಮಣ್ಣು 1.2ರಿಂದ 1.4 ಇರುತ್ತದೆ. ಸಾವಯವ ಅಂಶ ನಿಜಕ್ಕೂ ತುಂಬಿದೆ, ನೀರು ಹಿಡಿಯುವುದರಲ್ಲಿ ಎತ್ತಿದ ಕೈ, ಬೇರಿಗೆ ಹಾಸಿಗೆ. ತರಕಾರಿಗೆ ಇದಕ್ಕಿಂತ ಮೆತ್ತನೆಯ ನೆಲ ಇಲ್ಲ. ರಂಜಕದ ವಿಷಯದಲ್ಲಿ ಮಾತ್ರ ಕೆಂಪು ಮಣ್ಣಿಗಿಂತಲೂ ಜಿಪುಣ. ಪ್ರಯೋಗಾಲಯದಲ್ಲಿ ಹಾಕಿದ ರಂಜಕದಲ್ಲಿ ಶೇ. 85ಕ್ಕಿಂತ ಜಾಸ್ತಿ ಹಿಡಿದುಕೊಳ್ಳುವುದು ಈ ಮಣ್ಣಿನ ಗುರುತುಗಳಲ್ಲೇ ಒಂದು.

ಅದಕ್ಕಿಂತ ದೊಡ್ಡ ಚಿಂತೆ ಜಾರುವುದು. ಒದ್ದೆ ಬೂದಿ ಮಣ್ಣನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಹಿಡಿಯಿರಿ. ಮೊದಲು ಗಟ್ಟಿಯಾಗಿರುತ್ತದೆ. ಒತ್ತುತ್ತಾ ಹೋದರೆ ಥಟ್ಟನೆ ಸೋಪಿನ ಹಾಗೆ ಜಾರಿ ನೀರು ಬಿಡುತ್ತದೆ. ಬೆರಳ ನಡುವೆ ಆಗುವುದೇ ಗುಡ್ಡದಲ್ಲೂ ಆಗಬಹುದು. 2018ರ ಸೆಪ್ಟೆಂಬರ್ 6ರಂದು ಜಪಾನಿನ ಹೊಕ್ಕೈಡೋದಲ್ಲಿ ಭೂಕಂಪವಾದಾಗ ಹಳೆಯ ಬೂದಿ, ನೊರೆಗಲ್ಲಿನ ಪದರಗಳಿದ್ದ ಇಳಿಜಾರುಗಳು ಸಾವಿರಾರು ಕಡೆ ಕುಸಿದವು. ಕಡಿದಾದ ಬೂದಿ ಇಳಿಜಾರಿನ ಕೆಳಗೆ ಮನೆ ಬೇಡ. ಈ ಮಾತಿನಲ್ಲಿ ನನಗೆ ರಾಜಿ ಇಲ್ಲ.

ಇನ್ನು ಜಂಬಿಟ್ಟಿಗೆ ಮುಚ್ಚಿದ ಗುಡ್ಡದ ನೆತ್ತಿ. ಒಣಗಿ ಗಟ್ಟಿಯಾದ ಮೇಲೆ ಕಟ್ಟಡಕ್ಕೆ ಒಳ್ಳೆಯದು, ಬೇಸಾಯಕ್ಕೆ ಅಲ್ಲ. ಹಾಗೆಯೇ ತಿಳಿ ಬಣ್ಣದ ರಯೊಲೈಟ್ ಕೂಡ ಲಾವಾ ಕಲ್ಲೇ. ಆದರೆ ಸಿಲಿಕಾ ಶೇ. 70ರ ಆಸುಪಾಸು, ಮಣ್ಣು ಮರಳು ಮರಳು, ಹುಳಿ, ಸತ್ವ ಕಡಿಮೆ. ಕಲ್ಲು ಕಪ್ಪಾ ಬಿಳಿಚಾ ಎಂದು ಒಡೆದು ನೋಡದೆ ಮುಂದುವರಿಯಬೇಡಿ.

ಹಾಗಾದರೆ ಯಾರಿಗೆ ಯಾವುದು?

ಹಣ ಒಂದು ಮಟ್ಟಕ್ಕೆ ಇದೆ, ಹತ್ತಾರು ವರ್ಷ ನಿಲ್ಲುವ ಮರಬೆಳೆ ಬೇಕು ಎನ್ನುವವರು ನಡುವಿನ ಕಾಳುಕಟ್ಟಿನ ಕೆಂಪು ಮಣ್ಣು ಹುಡುಕಿ. ಅದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ನೀರಾವರಿ ಇಲ್ಲ, ಮಳೆ ನಂಬಿದ ಕಾಳು, ಧಾನ್ಯ ಸಾಕು ಎಂದರೆ ಬುಡದ ಎರೆಮಣ್ಣು, ಇಳಿಜಾರು ತೀರಾ ಕಡಿಮೆ ಇರಬೇಕು, ಬಸಿಗಾಲುವೆ ತೋಡಲು ಸಿದ್ಧರಿರಬೇಕು. ಕೈಯಲ್ಲಿ ಹಣ ಕಡಿಮೆ, ಕಾಯುವ ತಾಳ್ಮೆ ಇದೆ, ಮೇವು ಅಥವಾ ಕಾಡುಮರ ಸಾಕು ಎಂದರೆ ಮೇಲಿನ ಕಲ್ಲುಮಣ್ಣು ತಪ್ಪೇನಲ್ಲ. ಮನೆಗೂ ಅದೇ ಮೇಲು, ಬಂಡೆ ಹತ್ತಿರ ಸಿಗುತ್ತದೆ. ಆದರೆ ಕುಡಿಯುವ ನೀರು ಎಲ್ಲಿಂದ ಎಂದು ಮೊದಲು ಕೇಳಿಕೊಳ್ಳಿ.

ಮನೆ, ತೋಟ ಎರಡೂ ಬೇಕು ಅನ್ನುವವರಿಗೆ ನನ್ನ ಸಲಹೆ, ಗುಡ್ಡದ ಅಡ್ಡಕ್ಕೆ ಹೋಗುವ ಪಟ್ಟಿ ಬಿಟ್ಟು ಮೇಲಿಂದ ಕೆಳಕ್ಕೆ ಇಳಿಯುವ ಪಟ್ಟಿ ಹುಡುಕಿ. ಮೇಲೆ ಮನೆ, ನಡುವೆ ಮರ, ಕೆಳಗೆ ಬೆಳೆ. ಒಂದೇ ಜಮೀನಿನಲ್ಲಿ ಮೂರೂ ಮಣ್ಣು ನಿಮ್ಮದಾಗುತ್ತದೆ.

ಕೊಳ್ಳುವ ಮೊದಲು ಒಂದು ದಿನ

ಗುದ್ದಲಿ, ಹಾರೆ, ಒಂದು ಮೀಟರ್ ಕೋಲು, ಒಂದು ಬಿಂದಿಗೆ ನೀರು ಸಾಕು. ಕೋಲಿನ ಒಂದು ತುದಿ ನೆಲಕ್ಕಿಟ್ಟು ಸಮಮಟ್ಟಕ್ಕೆ ಹಿಡಿದು, ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಎಂದು ಅಳೆಯಿರಿ. 15 ಸೆಂ.ಮೀ. ಇದ್ದರೆ ನೂರಕ್ಕೆ 15ರ ಇಳಿಜಾರು. ಮೂರು ಕಡೆ ಗುಂಡಿ ತೋಡಿ, ಹಾರೆ ಬಂಡೆಗೆ ತಾಗುವವರೆಗೆ, ಇಲ್ಲವೇ ಒಂದು ಮೀಟರ್ ಆಗುವವರೆಗೆ.

ಒದ್ದೆ ಮಣ್ಣನ್ನು ನಾದಿ ಬೆರಳ ನಡುವೆ ರಿಬ್ಬನ್ ಹಾಗೆ ತಳ್ಳಿ. 5 ಸೆಂ.ಮೀ. ದಾಟಿ ಮುರಿದರೆ ಅದು ಜೇಡಿ. ಕೆಂಪು ಮಣ್ಣನ್ನು ಮಾತ್ರ ಎರಡು ಮೂರು ನಿಮಿಷ ಚೆನ್ನಾಗಿ ನಾದಬೇಕು. ಕಬ್ಬಿಣ ಕಣಗಳನ್ನು ಹಿಡಿದು ಕಟ್ಟಿರುವುದರಿಂದ ಮೊದಲಿಗೆ ಅದು ಮರಳಿನಂತೆ ನಾಟಕವಾಡುತ್ತದೆ. 30 ಸೆಂ.ಮೀ. ಆಳದ ಕುಳಿಗೆ ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ. ಈ ಸಲ ಗಂಟೆಗೆ 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ಮರದ ಬೇರಿಗೆ ಉಸಿರುಗಟ್ಟುತ್ತದೆ. 10 ಸೆಂ.ಮೀ.ಗಿಂತ ಜಾಸ್ತಿಯಾದರೆ ನೀರು ನಿಲ್ಲುವುದೇ ಕಷ್ಟ.

ಆಮೇಲೆ ಗುಡ್ಡವನ್ನು ನೋಡಿ. ಮರಗಳ ಬುಡ ಬಾಗಿದೆಯಾ? ನೆಲದಲ್ಲಿ ಬಿಲ್ಲಿನಾಕಾರದ ಸೀಳಿದೆಯಾ? ಎರಡೂ ನೆಲ ಜಾರುತ್ತಿರುವುದರ ಗುರುತಾಗಿರಬಹುದು. ಬೇಸಿಗೆಯಲ್ಲೂ ಒಂದೇ ಮಟ್ಟದಲ್ಲಿ ಉದ್ದಕ್ಕೂ ಹಸಿರು ಗೆರೆ ಕಾಣುತ್ತದಾ? ಎರಡು ಲಾವಾ ಪದರಗಳ ನಡುವೆ ಕೆಂಪು ಜೇಡಿಯ ತೆಳು ಪದರ ಇರುವುದುಂಟು, ನೀರು ಅದರ ಮೇಲೆ ನಿಂತು ಅಲ್ಲಿಂದ ಒರತೆಯಾಗಿ ಹೊರಬರುತ್ತದೆ. ಬಾವಿಗೆ ಅದು ವರ. ಅದರ ಮೇಲೇ ಗುಡ್ಡ ಕಡಿದು ರಸ್ತೆ ಅಥವಾ ಮನೆ ಮಾಡಿದರೆ ಜಾರುವ ಜಾಗವೂ ಅದೇ.

ಮಣ್ಣು ಪರೀಕ್ಷೆಗೆ ಕಳಿಸುವಾಗ ಮೇಲಿನ ಗೇಣಿನದು ಬೇರೆ, ಅರ್ಧ ಮೀಟರ್ ಕೆಳಗಿನದು ಬೇರೆ ಚೀಲದಲ್ಲಿ ಹಾಕಿ. ರಸಸಾರ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ನಾಲ್ಕೂ ಬರೆಸಿ. ಗುಂಡಿ ಮುಚ್ಚುವಾಗ ಕೆಳಗಿನ ಮಣ್ಣು ಮೊದಲು, ಮೇಲ್ಮಣ್ಣು ಕೊನೆಗೆ. ಸಾಧ್ಯವಾದರೆ ಜೋರು ಮಳೆ ಬಂದ ಮರುದಿನ ಇನ್ನೊಂದು ಸಲ ಹೋಗಿ ಬನ್ನಿ. ಹಳ್ಳದ ನೀರು ಯಾವ ಬಣ್ಣದಲ್ಲಿ ಹರಿಯುತ್ತಿದೆ, ಯಾರ ಹೊಲದ ಕೆಳಗೆ ಕೆಂಪಗಿದೆ, ಯಾರದ್ದರ ಕೆಳಗೆ ತಿಳಿಯಾಗಿದೆ ಎಂದು ಅವತ್ತು ಕಾಣುತ್ತದೆ.